ಮದುವೆ ಕರೆಯೋಲೆಯ 36 ಚೂರುಗಳು: ಪ್ರೌಢಶಾಲೆಯಲ್ಲಿ ಸಿಎಸ್ ಅನ್‌ಪ್ಲಗ್ಡ್ ಪಾಠಗಳು

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹತ್ತು ಯಂತ್ರಗಳಿವೆ. ಯುಪಿಎಸ್ ಬ್ಯಾಟರಿಗಳು ಕೈಕೊಟ್ಟು ಬಹಳ ಕಾಲವಾಗಿರುವುದರಿಂದ ಕರೆಂಟು ಹೋದ ಕ್ಷಣಕ್ಕೆ ಹತ್ತೂ ಒಮ್ಮೆಗೇ ಆರಿಹೋಗುತ್ತವೆ. ಕರೆಂಟು ಇದ್ದ ದಿನವೂ ಒಂದೊಂದು ಯಂತ್ರದ ಮುಂದೆ ಐದೈದು ಮಕ್ಕಳು ಕೂರಬೇಕು. ಮೌಸ್ ಹಿಡಿದವರು ಕಲಿಯುತ್ತಾರೆ, ಉಳಿದವರು ಅವರ ಹೆಗಲ ಮೇಲಿಂದ ಇಣುಕುತ್ತಾರೆ. ಗಣಿತದ ಮೇಷ್ಟ್ರಿಗೇ ಕಂಪ್ಯೂಟರ್ ಪಾಠದ ಹೊಣೆಯೂ ಅಂಟಿಕೊಳ್ಳುವುದು ಅನೇಕ ಶಾಲೆಗಳಲ್ಲಿ ನಡೆದುಬಂದ ರೂಢಿ, ನನಗೂ ಹಾಗೆಯೇ ಅಂಟಿಕೊಂಡಿತು. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮನೆ, ತೆಂಗಿನ ಮರ, ಸೂರ್ಯ ಬಿಡಿಸುವುದನ್ನೇ ಮೂರು ವರ್ಷ ಕಂಪ್ಯೂಟರ್ ಶಿಕ್ಷಣವೆಂದು ಕರೆದು ಬೇಸತ್ತ ಮೇಲೆ ಯಂತ್ರವೇ ಬೇಡದ ಪಾಠಗಳನ್ನು ಹುಡುಕುತ್ತ ಸಿಎಸ್ ಅನ್‌ಪ್ಲಗ್ಡ್‌ಗೆ ಬಂದೆ. ಎರಡು ಶೈಕ್ಷಣಿಕ ವರ್ಷ 8 ಮತ್ತು 9ನೆಯ ತರಗತಿಗಳಲ್ಲಿ ಬಳಸಿದ ಬಳಿಕ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿರುವ ಕ್ಯಾಂಟರ್ಬರಿ ವಿಶ್ವವಿದ್ಯಾಲಯವು ನಿರ್ವಹಿಸುವ ಪಾಠಸಂಗ್ರಹ. ಟಿಮ್ ಬೆಲ್, ಇಯಾನ್ ವಿಟನ್, ಮೈಕ್ ಫೆಲೋಸ್ ಎಂಬ ಮೂವರು ಗಣಕ ವಿಜ್ಞಾನಿಗಳು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್; ಅದನ್ನು ಪ್ಲಗ್ಗು ಕಿತ್ತಿಟ್ಟು ಕಲಿಸುವುದು ಎಂಬುದೇ ಹೆಸರಿನ ಅರ್ಥ. ಬೇಕಾಗುವ ಸಾಮಗ್ರಿ ಕಾರ್ಡು, ಸೀಮೆಸುಣ್ಣ, ದಾರ, ಹಣ್ಣು, ಇಷ್ಟೇ. ಪಾಠದ ಯೋಜನೆ, ಮುದ್ರಿಸಿಕೊಳ್ಳುವ ಹಾಳೆಗಳು, ಶಿಕ್ಷಕರಿಗೆ ವಿವರಣೆ ಎಲ್ಲವೂ ಉಚಿತವಾಗಿ ಸಿಗುತ್ತವೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಮೂಲವನ್ನು ಹೆಸರಿಸಿ ನಮಗೆ ಬೇಕಾದಂತೆ ತಿದ್ದಿ ಹಂಚುವುದಕ್ಕೂ ಅಡ್ಡಿಯಿಲ್ಲ. ಪಾಠಗಳನ್ನು 5ರಿಂದ 14 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿಂಗಡಿಸಿದ್ದಾರೆ. ಆದ್ದರಿಂದ ಪ್ರೌಢಶಾಲೆಯ ಶಿಕ್ಷಕರು ಇದನ್ನು ತೆಗೆದ ಕೂಡಲೇ ‘ಇದು ಚಿಕ್ಕ ಮಕ್ಕಳ ಆಟ’ ಎಂದು ಮುಚ್ಚಿಡುವ ಸಂಭವ ಹೆಚ್ಚು. ನಾನೂ ಒಮ್ಮೆ ಮುಚ್ಚಿಟ್ಟಿದ್ದೆ.

ಗಣನಾತ್ಮಕ ಚಿಂತನೆ (ಕಂಪ್ಯುಟೇಷನಲ್ ಥಿಂಕಿಂಗ್) ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಗಣಕ ವಿಜ್ಞಾನಿ ಜೆನೆಟ್ ವಿಂಗ್ ಅವರು 2006ರಲ್ಲಿ ಬರೆದ ಲೇಖನದಿಂದ ಅದಕ್ಕೆ ಪ್ರಚಾರ ಸಿಕ್ಕಿತು, ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದು ಸೇರಿದೆ. ದೊಡ್ಡ ಸಮಸ್ಯೆಯನ್ನು ಬಿಡಿಸಿ ಚಿಕ್ಕದು ಮಾಡಿಕೊಂಡು, ಬೇಡವಾದ ವಿವರವನ್ನು ಬದಿಗೆ ಸರಿಸಿ, ಯಾರು ಅನುಸರಿಸಿದರೂ ಅದೇ ಉತ್ತರ ಬರುವಂಥ ಹೆಜ್ಜೆಗಳನ್ನು ಬರೆಯುವುದು ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಅದಕ್ಕೆ ಇನ್ನೊಂದನ್ನೂ ಸೇರಿಸುತ್ತೇನೆ: ಆ ಹೆಜ್ಜೆಗಳು ಎಲ್ಲಿ ಸೋಲುತ್ತವೆ ಎಂದು ತಾನೇ ಹುಡುಕುವುದು. ಅನ್‌ಪ್ಲಗ್ಡ್ ಪಾಠಗಳಲ್ಲಿ ಕೆಲವು ಈ ಕೊನೆಯ ಕೆಲಸಕ್ಕೆ ಎಷ್ಟು ಚೆನ್ನಾಗಿ ಒದಗುತ್ತವೆಂದರೆ, ಅವಷ್ಟನ್ನೇ ಕಲಿಸಿದರೂ ಸಾಕು ಎನ್ನಿಸುತ್ತದೆ.

ಅವುಗಳಲ್ಲಿ ಮೊದಲನೆಯದು ಸಮತೆಯ ಆಟ. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿಯಾಗಿರುವ 36 ಚೌಕ ಕಾರ್ಡುಗಳು ಬೇಕು. ಅಂಗಡಿಯಿಂದ ರಟ್ಟು ತರುವ ಬದಲು ಶಿಕ್ಷಕರ ಕೊಠಡಿಯ ಕಪಾಟಿನಲ್ಲಿ ಗುಡ್ಡೆಬಿದ್ದಿದ್ದ ಮದುವೆ ಕರೆಯೋಲೆಗಳನ್ನು ಕತ್ತರಿಸಿಕೊಂಡೆ. ಹೊರಗೆ ಕುಂಕುಮ ಬಣ್ಣ, ಒಳಗೆ ಬಿಳಿ, ದಪ್ಪವೂ ಸರಿಯಾಗಿತ್ತು. ಒಬ್ಬ ವಿದ್ಯಾರ್ಥಿಯು 25 ಕಾರ್ಡುಗಳನ್ನು ಐದು ಸಾಲು, ಐದು ಕಂಬಸಾಲುಗಳಲ್ಲಿ ತನಗೆ ತೋಚಿದಂತೆ ಕೆಂಪು–ಬಿಳಿ ಬೆರೆಸಿ ಜೋಡಿಸುತ್ತಾನೆ. ‘ಸ್ವಲ್ಪ ಕಷ್ಟ ಮಾಡೋಣ’ ಎನ್ನುತ್ತ ಮೇಷ್ಟ್ರು ಬಲಕ್ಕೊಂದು, ಕೆಳಕ್ಕೊಂದು ಸಾಲು ಸೇರಿಸಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮಕ್ಕಳು ಯಾವುದಾದರೂ ಒಂದು ಕಾರ್ಡನ್ನು ಮಗುಚುತ್ತಾರೆ. ಮೇಷ್ಟ್ರು ತಿರುಗಿ ನೋಡಿ, ಎರಡು ಕ್ಷಣದಲ್ಲಿ ಸರಿಯಾಗಿ ಅದನ್ನೇ ತೋರಿಸುತ್ತಾರೆ.

ಮೊದಲ ಸಲ ಮಾಡಿದಾಗ ನಾನು ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದೇನೆಂದು ಮಕ್ಕಳು ಸಂಶಯಪಟ್ಟು ಕಿಟಕಿ ಮುಚ್ಚಿದರು. ಎರಡನೆಯ ಸಲ ನನ್ನ ಕನ್ನಡಕ ತೆಗೆಸಿದರು. ಮೂರನೆಯ ಸಲಕ್ಕೆ ನನ್ನನ್ನು ತರಗತಿಯಿಂದಲೇ ಹೊರಗೆ ಕಳಿಸಿ ಬಾಗಿಲಿಗೆ ಕಾವಲು ಹಾಕಿದರು. ಗುಟ್ಟು ಇಷ್ಟೇ: ನಾನು ಸೇರಿಸಿದ ಕಾರ್ಡುಗಳು ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಕೆಂಪಿನ ಲೆಕ್ಕ ಸಮಸಂಖ್ಯೆಯಾಗುವಂತೆ ನೋಡಿಕೊಳ್ಳುತ್ತವೆ, ಒಂದು ಕಾರ್ಡು ಮಗುಚಿದರೆ ಅದರ ಅಡ್ಡಸಾಲೂ ಕಂಬಸಾಲೂ ಬೆಸವಾಗುತ್ತವೆ, ಎರಡೂ ಕೂಡುವಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ಮೂಲೆಯ 36ನೆಯ ಕಾರ್ಡು ಅಡ್ಡಸಾಲಿಗೂ ಕಂಬಸಾಲಿಗೂ ಒಟ್ಟಿಗೇ ಹೊಂದುವುದು ಕಾಕತಾಳೀಯವೇ, ಯಾವಾಗಲೂ ಹಾಗೆಯೇ ಆಗುತ್ತದೆಯೇ ಎಂಬ ಪ್ರಶ್ನೆ 9ನೆಯ ತರಗತಿಗೆ ಹೇಳಿಮಾಡಿಸಿದ ಸಾಧನೆಯ ಲೆಕ್ಕ. ಒಟ್ಟು ಕೆಂಪು ಕಾರ್ಡುಗಳನ್ನು ಅಡ್ಡ ಎಣಿಸಿದರೂ ಉದ್ದ ಎಣಿಸಿದರೂ ಒಂದೇ ಎಂಬುದನ್ನು ಹಿಡಿದರೆ ಸಾಧನೆ ಎರಡೇ ಸಾಲಿನಲ್ಲಿ ಮುಗಿಯುತ್ತದೆ.

ಹೆಚ್ಚಿನವರು ಇಲ್ಲಿಗೇ ಆಟ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಪಾಠ ಆರಂಭವಾಗುವುದೇ ಇಲ್ಲಿಂದ. ಎರಡು ಕಾರ್ಡು ಮಗುಚಿದರೆ? ಒಂದೇ ಅಡ್ಡಸಾಲಿನ ಎರಡನ್ನು ಮಗುಚಿದಾಗ ಆ ಸಾಲು ಸಮವಾಗಿಯೇ ಉಳಿಯುತ್ತದೆ, ಎರಡು ಕಂಬಸಾಲು ಬೆಸವಾಗುತ್ತವೆ. ತಪ್ಪು ನಡೆದಿದೆ ಎಂದು ಗೊತ್ತಾಗುತ್ತದೆಯೇ ಹೊರತು ಎಲ್ಲಿ ಎಂದು ಗೊತ್ತಾಗುವುದಿಲ್ಲ. ತಪ್ಪನ್ನು ಪತ್ತೆಹಚ್ಚುವುದು ಬೇರೆ, ತಿದ್ದುವುದು ಬೇರೆ ಎಂಬ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಧನವನ್ನು ನಾನು ಕಂಡಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹತ್ತು ನಿಮಿಷ ಕಾಗದದ ಮೇಲೆ ಚುಕ್ಕಿ ಇಡುತ್ತ ಕೂತು, ಬಳಿಕ ಎದ್ದು ಬಂದು, ನನ್ನನ್ನು ಹೊರಗೆ ಕಳಿಸಿ, ನಾಲ್ಕು ಕಾರ್ಡು ಮಗುಚಿದಳು. ಒಳಗೆ ಬಂದು ನೋಡಿದರೆ ಎಲ್ಲ ಸಾಲೂ ಸಮ. ‘ಏನೂ ಮಗುಚಿಲ್ಲ’ ಎಂದೆ. ‘ನಾಲ್ಕು ಮಗುಚಿದೀನಿ ಸಾರ್’ ಎಂದಳು. ಆಯತದ ನಾಲ್ಕು ಮೂಲೆಗಳನ್ನು ಹಿಡಿದಿದ್ದಳು. ಆ ದಿನ ಬೆಲ್ಲು ಹೊಡೆದ ಮೇಲೂ ಯಾರೂ ಏಳಲಿಲ್ಲ.

ಈ ಆಟದಿಂದ ಬಾರ್‌ಕೋಡಿಗೆ ಹೋಗುವ ದಾರಿಯನ್ನೂ ಪಾಠಸಂಗ್ರಹವೇ ತೋರಿಸುತ್ತದೆ. ಮಕ್ಕಳಿಗೆ ಮನೆಯಿಂದ ಸೋಪು, ಬಿಸ್ಕತ್ತಿನ ಹೊದಿಕೆ ತರಲು ಹೇಳಿದೆ. ಬಾರ್‌ಕೋಡಿನ ಕೆಳಗಿರುವ 13 ಅಂಕಿಯ ಸಂಖ್ಯೆಗಳಲ್ಲಿ ಬಹುಪಾಲು 890ರಿಂದ ಆರಂಭವಾಗುತ್ತವೆ, ಭಾರತದ ಕಂಪನಿಗಳಿಗೆ ಸಿಗುವ ಸಂಖ್ಯೆಗಳ ಗುರುತು ಅದು. ಎಡದಿಂದ ಮೊದಲ 12 ಅಂಕಿಗಳಲ್ಲಿ ಬೆಸ ಸ್ಥಾನದವುಗಳನ್ನು ಹಾಗೆಯೇ, ಸಮ ಸ್ಥಾನದವುಗಳನ್ನು 3ರಿಂದ ಗುಣಿಸಿ ಕೂಡಬೇಕು. ಆ ಮೊತ್ತಕ್ಕೆ ಎಷ್ಟು ಸೇರಿಸಿದರೆ 10ರ ಅಪವರ್ತ್ಯ ಸಿಗುತ್ತದೋ ಅದೇ 13ನೆಯ ಅಂಕಿ; ಸಂಖ್ಯೆಯಲ್ಲಿ ತಪ್ಪು ನುಸುಳಿದರೆ ಹಿಡಿಯುವ ಕಾವಲು ಅದು. ಅಭ್ಯಾಸಕ್ಕೆಂದು ನಾನು ಹಲಗೆಯ ಮೇಲೆ ಸುಮ್ಮನೆ 890123456789 ಎಂದು ಬರೆದೆ. ಬೆಸ ಸ್ಥಾನಗಳ ಮೊತ್ತ 28, ಸಮ ಸ್ಥಾನಗಳದು 34, ಅದರ ಮೂರರಷ್ಟು 102, ಒಟ್ಟು 130. ಹಾಗಾಗಿ ಕೊನೆಯ ಅಂಕಿ ಸೊನ್ನೆ. 8901234567890 ಎಂದು ಸಾಲಾಗಿ ಬಂದದ್ದನ್ನು ಕಂಡು ನಾನು ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದೇನೆಂದೇ ಮಕ್ಕಳು ಇಂದಿಗೂ ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇಲ್ಲಿಯೂ ಎರಡನೆಯ ಪ್ರಶ್ನೆ ಕೇಳಬೇಕು: ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಈ ವಿಧಾನ ಹಿಡಿಯುತ್ತದೆಯೇ? ಹೆಚ್ಚಿನ ಸಲ ಹಿಡಿಯುತ್ತದೆ. ಆದರೆ 1 ಮತ್ತು 6ರ ಜಾಗ ಬದಲಾದರೆ ಒಂದು ಕಡೆ 1ಕ್ಕೆ 18 ಸೇರಿ 19, ಇನ್ನೊಂದು ಕಡೆ 6ಕ್ಕೆ 3 ಸೇರಿ 9; ವ್ಯತ್ಯಾಸ 10 ಆದ್ದರಿಂದ ಕೊನೆಯ ಅಂಕಿಗೆ ಏನೂ ತಿಳಿಯುವುದಿಲ್ಲ. 5ರ ಅಂತರವಿರುವ ಎಲ್ಲ ಜೋಡಿಗಳ ಕಥೆಯೂ ಇದೇ ಎಂದು ಮಕ್ಕಳೇ ಪಟ್ಟಿ ಮಾಡಿದರು. ಆಧಾರ್ ಸಂಖ್ಯೆಯ ಕೊನೆಯ ಅಂಕಿಗೆ ವರ್‌ಹೂಫ್ ಎಂಬ ಬೇರೆ ವಿಧಾನವನ್ನು ಬಳಸಿರುವುದರಿಂದ ಅಲ್ಲಿ ಪಕ್ಕದ ಅಂಕಿಗಳ ಅದಲುಬದಲು ಒಂದೂ ತಪ್ಪಿಸಿಕೊಳ್ಳುವುದಿಲ್ಲ ಎಂದು ತಿಳಿಸಿದಾಗ, ಹಾಗಾದರೆ ಬಾರ್‌ಕೋಡಿಗೂ ಅದನ್ನೇ ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಬಂತು. ಸುಲಭದ ಲೆಕ್ಕಕ್ಕೂ ಬಿಗಿಯಾದ ಕಾವಲಿಗೂ ನಡುವೆ ಆಯ್ಕೆ ಮಾಡಬೇಕಾಗುತ್ತದೆ ಎಂಬಲ್ಲಿಗೆ ಚರ್ಚೆ ತಾನಾಗಿಯೇ ಬಂದು ನಿಂತಿತು.

ಎರಡನೆಯದು ವಿಂಗಡಣೆಯ ಜಾಲ. ಅಂಗಳದಲ್ಲಿ ಗೆರೆಗಳ ಜಾಲವೊಂದನ್ನು ಬಿಡಿಸಿ, ಆರು ಮಕ್ಕಳ ಕೈಗೆ ಒಂದೊಂದು ಸಂಖ್ಯೆ ಕೊಟ್ಟು ಒಂದು ತುದಿಯಲ್ಲಿ ನಿಲ್ಲಿಸಬೇಕು. ಗೆರೆ ಹಿಡಿದು ನಡೆದು, ಇಬ್ಬರು ಸೇರುವ ವೃತ್ತದಲ್ಲಿ ಸಂಖ್ಯೆಗಳನ್ನು ಹೋಲಿಸಿ, ಚಿಕ್ಕದು ಎಡಕ್ಕೂ ದೊಡ್ಡದು ಬಲಕ್ಕೂ ಹೋಗುತ್ತದೆ. ಇನ್ನೊಂದು ತುದಿಗೆ ಬರುವಷ್ಟರಲ್ಲಿ ಆರೂ ಜನ ಏರಿಕೆಯ ಕ್ರಮದಲ್ಲಿ ನಿಂತಿರುತ್ತಾರೆ. ಸೀಮೆಸುಣ್ಣ ಮಣ್ಣಿನ ಅಂಗಳದಲ್ಲಿ ಹಿಡಿಯುವುದಿಲ್ಲವಾದ್ದರಿಂದ ರಂಗೋಲಿ ಪುಡಿ ತರಿಸಿದೆ, ಗೆರೆ ಎಳೆಯುವ ಕೆಲಸವನ್ನು ನನಗಿಂತ ಎಷ್ಟೋ ನೇರವಾಗಿ ಹೆಣ್ಣುಮಕ್ಕಳು ಮಾಡಿದರು. ಆರು ಸಂಖ್ಯೆಗಳಿಗೆ 12 ಹೋಲಿಕೆಗಳು ಸಾಕು. ಅವುಗಳಲ್ಲಿ ಹಲವು ಏಕಕಾಲದಲ್ಲಿ ನಡೆಯುವುದರಿಂದ ಐದೇ ಸುತ್ತಿಗೆ ಕೆಲಸ ಮುಗಿಯುತ್ತದೆ. ಒಬ್ಬನೇ ಕೂತು 12 ಸಲ ಹೋಲಿಸುವುದಕ್ಕೂ ಹಲವರು ಒಟ್ಟಿಗೆ ಐದು ಸುತ್ತಿನಲ್ಲಿ ಮುಗಿಸುವುದಕ್ಕೂ ಇರುವ ಅಂತರವನ್ನು ಮಕ್ಕಳು ಕಾಲಿನಿಂದಲೇ ಅಳೆಯುತ್ತಾರೆ. ಯಾರಾದರೂ ಅವಸರಪಟ್ಟು ಜೊತೆಗಾರನಿಗೆ ಕಾಯದೆ ಮುಂದೆ ನಡೆದರೆ ಇಡೀ ಉತ್ತರ ಕೆಡುತ್ತದೆ, ಅದನ್ನೂ ಬೇಕೆಂದೇ ಒಮ್ಮೆ ಮಾಡಿಸಿ ತೋರಿಸಬೇಕು.

ಸಂಖ್ಯೆಗಳ ಬದಲು ಕನ್ನಡ ಪದಗಳನ್ನು ಕೊಟ್ಟ ದಿನ ಜಾಲದ ನಡುವೆಯೇ ಜಗಳ ಹತ್ತಿತು. ‘ಅಂಗಡಿ’ ಹಿಡಿದವನೂ ‘ಅಕ್ಕಿ’ ಹಿಡಿದವಳೂ ವೃತ್ತದಲ್ಲಿ ಎದುರುಬದುರು ನಿಂತು, ವರ್ಣಮಾಲೆಯಲ್ಲಿ ಅಂ ಕೊನೆಗೆ ಬರುತ್ತದೆಂದು ಅವಳೂ, ನಿಘಂಟಿನಲ್ಲಿ ಹಾಗಿಲ್ಲವೆಂದು ಅವನೂ ವಾದಿಸತೊಡಗಿದರು. ಹಿಂದೆ ನಾಲ್ವರು ಕಾಯುತ್ತಿದ್ದರು. ಹೋಲಿಕೆಯ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಯಾವ ಯಂತ್ರವೂ ವಿಂಗಡಿಸಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಯೋಚಿಸಿ ತಂದಿದ್ದರೂ ಸಿಗುತ್ತಿರಲಿಲ್ಲ.

ದ್ವಿಮಾನ ಸಂಖ್ಯೆಗಳ ಪಾಠಕ್ಕೆ 1, 2, 4, 8, 16 ಚುಕ್ಕಿಗಳ ಐದು ಕಾರ್ಡುಗಳಿವೆ; ತೆರೆದದ್ದು ಒಂದು, ಮುಚ್ಚಿದ್ದು ಸೊನ್ನೆ, ಹೀಗೆ 31ರವರೆಗೆ ಎಣಿಸಬಹುದು. 8ನೆಯ ತರಗತಿಗೆ ಇದು ಬೇಗ ಹಿಡಿಸುತ್ತದೆ, 9ನೆಯವರಿಗೆ ಅರ್ಧ ಪಿರಿಯಡ್ಡಿನಲ್ಲೇ ಸಪ್ಪೆಯಾಗುತ್ತದೆ. ಹಾಗೆ ಸಪ್ಪೆಯಾದ ದಿನ ನನ್ನ ನೆರವಿಗೆ ಬಂದದ್ದು ಕನ್ನಡ ಮೇಡಂ ಅವರ ಛಂದಸ್ಸಿನ ಪಾಠ. ಲಘು, ಗುರು ಎಂಬ ಎರಡೇ ಗುರುತು. ಮೂರು ಅಕ್ಷರಗಳಿಗೆ ಒಂದು ಗಣ. ಹಾಗಾಗಿ ಎಂಟೇ ಗಣಗಳು. ‘ಯಮಾತಾರಾಜಭಾನಸಲಗಂ’ ಎಂದು ಮಕ್ಕಳು ಬಾಯಿಪಾಠ ಮಾಡಿಯೇ ಇದ್ದರು. ಅದಕ್ಕೆ ಲಘು ಇದ್ದಲ್ಲಿ 0, ಗುರು ಇದ್ದಲ್ಲಿ 1 ಹಾಕಿಸಿದೆ: 0111010001. ಎಡದಿಂದ ಮೂರು ಮೂರು ಅಂಕಿಗಳನ್ನು ಒಂದೊಂದು ಹೆಜ್ಜೆ ಸರಿಸುತ್ತ ಓದಿಸಿದರೆ 011, 111, 110, 101, 010, 100, 000, 001. ಮೂರು ಬಿಟ್‌ಗಳ (0 ಅಥವಾ 1 ಆಗಿರುವ ಅಂಕಿಗಳ) ಎಂಟೂ ವಿನ್ಯಾಸಗಳು ಒಂದೊಂದೇ ಸಲ, ಒಂದೂ ಬಿಡದೆ, ಒಂದೂ ಮರುಕಳಿಸದೆ ಬರುತ್ತವೆ. 24 ಅಂಕಿಗಳಲ್ಲಿ ಬರೆಯಬೇಕಾದದ್ದು ಹತ್ತೇ ಅಕ್ಷರಗಳಲ್ಲಿ ಅಡಗಿದೆ. ಇದೇ ಬಗೆಯ ಸರಣಿಗಳಿಗೆ ಇಂದಿನ ಗಣಕ ವಿಜ್ಞಾನದಲ್ಲಿ ಡಿ ಬ್ರೂಯ್ನ್ ಸರಣಿ ಎಂಬ ಹೆಸರಿದೆ. ಹಾಗಾದರೆ ನಾಲ್ಕು ಅಕ್ಷರದ ಗಣಗಳಿದ್ದಿದ್ದರೆ ಸೂತ್ರ ಎಷ್ಟು ಉದ್ದವಾಗುತ್ತಿತ್ತು ಎಂದು ಒಬ್ಬ ಕೇಳಿದ. 16 ವಿನ್ಯಾಸಕ್ಕೆ 19 ಅಕ್ಷರ ಸಾಕು ಎಂದು ಮರುದಿನ ಅವನೇ ಬರೆದುಕೊಂಡು ಬಂದ. ಇದು ನ್ಯೂಜಿಲೆಂಡಿನ ಪಾಠಸಂಗ್ರಹದಲ್ಲಿ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸಲ್ಲ. ಆದರೆ ಅದರ ಐದು ಕಾರ್ಡುಗಳು ಇಲ್ಲದಿದ್ದರೆ ನನಗೆ ಈ ಸೂತ್ರ ಇನ್ನೂ ಬಾಯಿಪಾಠವಾಗಿಯೇ ಉಳಿಯುತ್ತಿತ್ತು.

ಚಿತ್ರವನ್ನು ಅಂಕಿಗಳಾಗಿ ಬರೆಯುವ ಪಾಠವನ್ನು ಮಾತ್ರ ಇದ್ದಂತೆಯೇ ಬಳಸಬೇಡಿ. ಹಳೆಯ ಆವೃತ್ತಿಯಲ್ಲಿ ಅದನ್ನು ಫ್ಯಾಕ್ಸ್ ಯಂತ್ರದ ಉದಾಹರಣೆಯಿಂದ ವಿವರಿಸಿದ್ದಾರೆ, ನಮ್ಮ ಮಕ್ಕಳು ಫ್ಯಾಕ್ಸ್ ಕಂಡವರಲ್ಲ. ಇಂಗ್ಲಿಷಿನ ಚಿಕ್ಕ ‘ಎ’ ಅಕ್ಷರ ಐದು ಚೌಕ ಅಗಲ, ಆರು ಚೌಕ ಎತ್ತರದಲ್ಲಿ ಕೂತುಬಿಡುತ್ತದೆ. ಮೊದಲ ಸಾಲು 1, 3, 1, ಅಂದರೆ ಒಂದು ಬಿಳಿ, ಮೂರು ಕಪ್ಪು, ಒಂದು ಬಿಳಿ. ನಮ್ಮ ‘ಕ’ವನ್ನು ಅಷ್ಟೇ ಚೌಕಗಳಲ್ಲಿ ಕೂರಿಸಲು ಹೋಗಿ ಇಡೀ ತರಗತಿ ಸೋತಿತು. ‘ಕ್ಷ’ಕ್ಕೆ ಗಣಿತದ ನೋಟ್‌ಬುಕ್ಕಿನ ಅರ್ಧ ಪುಟವೇ ಬೇಕಾಯಿತು. ದುಂಡಗಿನ ಅಕ್ಷರಗಳಿಗೆ ಪರದೆಯ ಮೇಲೆ ಹೆಚ್ಚು ಚುಕ್ಕಿಗಳು ಬೇಕೆಂಬ ತಿಳಿವಳಿಕೆ ಈ ಸೋಲಿನಿಂದಲೇ ಬಂದದ್ದು.

ಕೆಸರು ಊರಿನ ಪಾಠದಲ್ಲಿ ಎಲ್ಲ ಮನೆಗಳನ್ನೂ ಅತಿ ಕಡಿಮೆ ಕಲ್ಲುಹಾಸಿನಿಂದ ಸೇರಿಸಬೇಕು. ಅದನ್ನು ಎಂಟು ಮನೆಗಳಿಗೆ ನಲ್ಲಿ ನೀರಿನ ಪೈಪು ಎಳೆಯುವ ಲೆಕ್ಕವಾಗಿ ಬದಲಿಸಿಕೊಂಡೆ; ಏಳು ಪೈಪು ಸಾಕು, ಸುತ್ತು ಬಂದರೆ ಒಂದು ಪೈಪು ದಂಡ. ಬೊರೂವ್ಕ ಎಂಬ ಜೆಕ್ ಗಣಿತಜ್ಞ 1926ರಲ್ಲಿ ಮೊರಾವಿಯ ಪ್ರಾಂತ್ಯಕ್ಕೆ ವಿದ್ಯುತ್ ತಂತಿ ಎಳೆಯುವ ಸಮಸ್ಯೆಗಾಗಿ ಇದನ್ನೇ ಬಿಡಿಸಿದ್ದರು, ಕಂಪ್ಯೂಟರ್ ಹುಟ್ಟುವ ಮೊದಲೇ. ಕಿತ್ತಳೆ ಹಣ್ಣಿನ ಆಟಕ್ಕೆ ಮೋಸಂಬಿ ಬಳಸಿದೆವು. ಒಬ್ಬೊಬ್ಬರ ಗುರುತು ಹಾಕಿದ ಹಣ್ಣುಗಳನ್ನು ಕಲಸಿ ಹಿಡಿದು ವೃತ್ತದಲ್ಲಿ ಕೂತು, ಒಂದೇ ಒಂದು ಖಾಲಿ ಕೈಯ ಮೂಲಕ ಹಣ್ಣುಗಳನ್ನು ಅವರವರಿಗೆ ತಲುಪಿಸಬೇಕು. ತನ್ನದು ಸಿಕ್ಕಿತೆಂದು ಒಬ್ಬ ಬಿಗಿಹಿಡಿದು ಕೂತರೆ ಎಲ್ಲವೂ ಸ್ಥಗಿತ. ಆಟದ ಕೊನೆಗೆ ಹಣ್ಣುಗಳ ಲೆಕ್ಕ ಹತ್ತಲಿಲ್ಲ ಎಂಬುದು ಬೇರೆ ಮಾತು.

ಇನ್ನು ಕೊರತೆಗಳು. ಮೊದಲ ವರ್ಷದ ದೊಡ್ಡ ತಪ್ಪು ನನ್ನದೇ. ಆಟಗಳನ್ನು ಆಡಿಸಿದೆ, ಮಕ್ಕಳು ಕುಣಿದರು, ನಾನೂ ಖುಷಿಪಟ್ಟೆ. ಕಿರುಪರೀಕ್ಷೆಯಲ್ಲಿ ‘ಸಮತೆಯ ವಿಧಾನವನ್ನು ಕಂಪ್ಯೂಟರಿನಲ್ಲಿ ಯಾವುದಕ್ಕೆ ಬಳಸುತ್ತಾರೆ’ ಎಂದು ಕೇಳಿದರೆ ಮುಕ್ಕಾಲು ಮಂದಿ ‘ಮ್ಯಾಜಿಕ್ ಮಾಡುವುದಕ್ಕೆ’ ಎಂದು ಬರೆದಿದ್ದರು; ಮಾಹಿತಿಯಲ್ಲಿ ನುಸುಳಿದ ತಪ್ಪು ಹಿಡಿಯುವುದಕ್ಕೆ ಎಂದು ಬರೆಯಬೇಕಿತ್ತು. ಆಟದಿಂದ ಯಂತ್ರಕ್ಕೆ ಸೇತುವೆ ಕಟ್ಟುವ ಕೆಲಸ ಪೂರ್ತಿ ಶಿಕ್ಷಕರ ಮೇಲೆ ಬೀಳುತ್ತದೆ. ಪಾಠಗಳ ಜೊತೆಗೆ ಸ್ಕ್ರ್ಯಾಚ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಕೊಟ್ಟಿದ್ದಾರೆ, ಆದರೆ ಅವನ್ನು ಹುಡುಕಿ ತೆಗೆದು ಜೋಡಿಸಿಕೊಳ್ಳಬೇಕು. ಎರಡನೆಯ ವರ್ಷ ಪ್ರತಿ ಆಟದ ಮರುದಿನ ಒಂದು ಲ್ಯಾಪ್‌ಟಾಪು, ಪ್ರೊಜೆಕ್ಟರು ಇಟ್ಟುಕೊಂಡು, ಬಾರ್‌ಕೋಡ್ ಪರೀಕ್ಷಿಸುವ ಹತ್ತು–ಹನ್ನೆರಡು ಸಾಲಿನ ಪೈಥಾನ್ ಪ್ರೋಗ್ರಾಮನ್ನು ಮಕ್ಕಳು ಹೇಳಿದಂತೆ ಟೈಪು ಮಾಡುತ್ತ ಹೋದೆ. ಅವರು ಹೇಳಿದ ತಪ್ಪನ್ನೂ ಹಾಗೆಯೇ ಟೈಪು ಮಾಡಿದೆ. ಕೈಯಿಂದ ಲೆಕ್ಕ ಹಾಕಿದವರಿಗೆ ಪ್ರೋಗ್ರಾಮಿನ ಪ್ರತಿ ಸಾಲೂ ಪರಿಚಿತವಾಗಿ ಕಂಡಿತು. ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಂದರೇನೆಂದು ನಾನು ಬೇರೆಯಾಗಿ ವಿವರಿಸಬೇಕಾಗಿ ಬರಲಿಲ್ಲ.

ಎರಡನೆಯ ತೊಡಕು ಸಮಯದ್ದು. 40 ನಿಮಿಷದ ಪಿರಿಯಡ್ಡಿನಲ್ಲಿ ಆಟ ಮುಗಿಯುತ್ತದೆ, ಚರ್ಚೆ ಮುಗಿಯುವುದಿಲ್ಲ. 48 ಮಕ್ಕಳ ತರಗತಿಯಲ್ಲಿ ಆರು ಜನ ಜಾಲದ ಮೇಲೆ ನಡೆದರೆ ಉಳಿದ 42 ಮಂದಿಗೆ ಏನು ಕೆಲಸ ಎಂಬುದಕ್ಕೆ ಪಾಠದ ಯೋಜನೆಯಲ್ಲಿ ಸಿದ್ಧ ಉತ್ತರವಿಲ್ಲ. ನಾನು ನಾಲ್ಕು ಜಾಲ ಬಿಡಿಸಿ, ಪ್ರತಿಯೊಂದಕ್ಕೂ ತೀರ್ಪುಗಾರರನ್ನೂ ದಾಖಲೆ ಬರೆಯುವವರನ್ನೂ ನೇಮಿಸಿಕೊಂಡೆ. ನಾನು ಬಳಸಿದ್ದು ಇಂಗ್ಲಿಷ್ ಪ್ರತಿ. ಕನ್ನಡ ಮಾಧ್ಯಮದ ತರಗತಿಗೆ ಪ್ರತಿ ಹಾಳೆಯನ್ನೂ ಮತ್ತೆ ಬರೆಯಬೇಕಾಯಿತು, ರಾತ್ರಿ ಊಟದ ಬಳಿಕ ಒಂದು ಗಂಟೆ ಅದಕ್ಕೇ ಹೋಯಿತು. 10ನೆಯ ತರಗತಿಗೆ ಮತ್ತು ಪಿಯುಸಿಗೆ ಈ ಸಂಗ್ರಹ ಸಾಲದು. ಅದೇ ವಿಶ್ವವಿದ್ಯಾಲಯದವರು ಪ್ರೌಢಶಾಲೆಯ ದೊಡ್ಡ ಮಕ್ಕಳಿಗಾಗಿಯೇ ಸಿಎಸ್ ಫೀಲ್ಡ್ ಗೈಡ್ ಎಂಬ ಉಚಿತ ಪಠ್ಯವನ್ನು ಇಟ್ಟಿದ್ದಾರೆ, ಆದರೆ ಅದಕ್ಕೆ ಅಂತರಜಾಲವೂ ಒಳ್ಳೆಯ ಇಂಗ್ಲಿಷೂ ಬೇಕು. ನಮ್ಮ ದೇಶದಲ್ಲಿ ಗಣಕ ವೃತ್ತಿಪರರ ಸಂಘವಾದ ಎಸಿಎಂ ಇಂಡಿಯಾದ ಸಿಎಸ್‌ಪಾಠಶಾಲಾ ಯೋಜನೆಯೂ ಯಂತ್ರವಿಲ್ಲದ ಪಾಠಗಳನ್ನು ಸಿದ್ಧಪಡಿಸಿದೆ, ಲಿಥುವೇನಿಯದಲ್ಲಿ 2004ರಲ್ಲಿ ಆರಂಭವಾದ, ಗಣನಾತ್ಮಕ ಚಿಂತನೆಯ ಒಗಟುಗಳ ಬೀಬ್ರಾಸ್ ಸ್ಪರ್ಧೆಯನ್ನು ಭಾರತದ ಶಾಲೆಗಳಿಗಾಗಿ ನಡೆಸುತ್ತಿರುವುದೂ ಅವರೇ. ಅನ್‌ಪ್ಲಗ್ಡ್ ಆಟ ಆಡಿದ ಮಕ್ಕಳಿಗೆ ಬೀಬ್ರಾಸ್‌ನ ಒಗಟುಗಳು ಒಳ್ಳೆಯ ಮುಂದಿನ ಮೆಟ್ಟಿಲು.

ಮಕ್ಕಳಿಗೆ ಕೆಲವೇ ವಾರಗಳಲ್ಲಿ ಆ್ಯಪ್ ಮಾಡಿಸುತ್ತೇವೆಂದು ಪೋಷಕರಿಂದ ಸಾವಿರಾರು ರೂಪಾಯಿ ಪಡೆಯುವ ಆನ್‌ಲೈನ್ ತರಗತಿಗಳ ಜೊತೆ ಇದನ್ನು ಹೋಲಿಸಿ ನೋಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಂಥ ತರಗತಿಗೆ ಹೋದ ಹುಡುಗನೊಬ್ಬ ನಮ್ಮಲ್ಲಿದ್ದ. ಬಣ್ಣದ ಬ್ಲಾಕುಗಳನ್ನು ಚಕಚಕನೆ ಜೋಡಿಸುತ್ತಿದ್ದ, ಒಂದು ಬ್ಲಾಕು ತೆಗೆದರೆ ಏನಾಗುತ್ತದೆಂದು ಕೇಳಿದರೆ ಹಾಗೆ ಹೇಳಿಕೊಟ್ಟಿಲ್ಲ ಎನ್ನುತ್ತಿದ್ದ. ಆಯತದ ನಾಲ್ಕು ಮೂಲೆ ಹಿಡಿದ ಹುಡುಗಿ ಅಲ್ಲಿಯವರೆಗೆ ಕೀಬೋರ್ಡು ಮುಟ್ಟಿರಲಿಲ್ಲ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದ ಮೇಲೆ ಇಬ್ಬರಿಗೂ ಒಳ್ಳೆಯದಾಯಿತು.

ಖರ್ಚಿನ ಲೆಕ್ಕ ಕೇಳುವವರಿಗೆ: ಜೆರಾಕ್ಸು, ರಂಗೋಲಿ ಪುಡಿ, ಮೋಸಂಬಿ ಸೇರಿ ಎರಡು ವರ್ಷಕ್ಕೆ ನನಗೆ ₹700 ದಾಟಲಿಲ್ಲ, ಅದರಲ್ಲಿ ಹೆಚ್ಚಿನದು ಮೋಸಂಬಿಯದೇ. ಹೊಸದಾಗಿ ತೊಡಗುವವರು ದ್ವಿಮಾನ ಸಂಖ್ಯೆಯಿಂದ ಆರಂಭಿಸದೆ ಸಮತೆಯ ಆಟದಿಂದ ಆರಂಭಿಸಲಿ, ಅದರ ಮೊದಲ ಪಿರಿಯಡ್ಡಿನಲ್ಲಿ ಗುಟ್ಟು ಬಿಟ್ಟುಕೊಡದಿರಲಿ. ಕಾರ್ಡುಗಳಿಗೆ ಎರಡು ಬದಿಯೂ ಅಚ್ಚಾಗಿರುವ ಕರೆಯೋಲೆ ಬೇಡ. ನನ್ನ ಕಟ್ಟಿನಲ್ಲಿ ಅಂಥ ಒಂದು ಕಾರ್ಡು ಹೇಗೋ ಸೇರಿಕೊಂಡು, ಎರಡು ಬದಿಯೂ ಕೆಂಪಾಗಿದ್ದ ಅದನ್ನು ಮಕ್ಕಳು ಮಗುಚಿದಾಗ ಯಾವ ಸಾಲೂ ಬೆಸವಾಗದೆ, ಕಾಲು ಗಂಟೆ ನಾನು ಹಲಗೆಯ ಮುಂದೆ ಪೆಚ್ಚಾಗಿ ನಿಂತಿದ್ದೆ.